ಡಬ್ಬಿಯ ಹಾಲು ಬಂದ ದಾರಿ

ಹಾಲನ್ನು ಕಾಯಿಸಿ ಮಂದಗೊಳಿಸುವ ವಿದ್ಯೆ ನಮಗೆ ಹೊಸದಲ್ಲ. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ ಅದೇ ವಿದ್ಯೆಯ ಫಲ. ಆದರೆ ತಿಂಗಳುಗಟ್ಟಲೆ ಕೆಡದೆ ಉಳಿಯುವ ಸಿಹಿ ಮಂದಹಾಲು, ಅಂದರೆ ನಾವೆಲ್ಲ ಕಂಡೆನ್ಸ್‌ಡ್ ಮಿಲ್ಕ್ ಎಂದು ಕರೆಯುವ ಡಬ್ಬಿಯ ಹಾಲು, ಹೊರಗಿನಿಂದ ಬಂದದ್ದು. ಊರಿನ ಕೊಟ್ಟಿಗೆಯನ್ನು ಬಿಟ್ಟು ಮಹಾನಗರ ಸೇರಿದ ನಮಗೆ ಹಬ್ಬದ ಪಾಯಸಕ್ಕೆ ಇದು ಒದಗಿಬಂದಿದೆ. ಇದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದಕ್ಕೆ ಉತ್ತರ ಇದರ ಚರಿತ್ರೆಯಲ್ಲಿಯೇ ಇದೆ.

ತೆರೆದ ಪಾತ್ರೆಯಲ್ಲಿ ಬಹಳ ಹೊತ್ತು ಕುದಿಸಿದ ಹಾಲು ತಳ ಹಿಡಿದು ಸೀದ ವಾಸನೆ ಬರುತ್ತದೆ. ಗಾಳಿಯನ್ನು ಹೀರಿ ತೆಗೆದ ಮುಚ್ಚಿದ ಪಾತ್ರೆಯಲ್ಲಾದರೆ ಕಡಿಮೆ ಶಾಖದಲ್ಲಿಯೇ ಕುದಿದು ನೀರು ಆವಿಯಾಗುತ್ತದೆ. ಈ ವಿಧಾನಕ್ಕೆ ಅಮೆರಿಕೆಯ ಗೇಲ್ ಬೋರ್ಡೆನ್ 1856ರಲ್ಲಿ ಪೇಟೆಂಟ್ ಪಡೆದ. 1861ರಿಂದ 1865ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಈ ಹಾಲು ಸರಬರಾಜಾಗಿ ಹೆಸರುವಾಸಿಯಾಯಿತು. 1866ರಲ್ಲಿ ಸ್ವಿಟ್ಜರ್ಲೆಂಡಿನ ಚಾಮ್ ಎಂಬಲ್ಲಿ ಆಂಗ್ಲೋ-ಸ್ವಿಸ್ ಕಂಪೆನಿ ಹುಟ್ಟಿತು. 1905ರಲ್ಲಿ ಅದು ನೆಸ್ಲೆಯೊಡನೆ ಕೂಡಿಕೊಂಡು, 1912ರ ಹೊತ್ತಿಗೆ ಭಾರತದಲ್ಲಿ ವ್ಯಾಪಾರಕ್ಕಿಳಿಯಿತು.

ಈ ಹಾಲನ್ನು ಕಾಯುವುದು ಡಬ್ಬಿಯೊಂದೇ ಅಲ್ಲ, ಸಕ್ಕರೆ. ನೂರು ಗ್ರಾಮಿನಲ್ಲಿ ಸುಮಾರು 45 ಗ್ರಾಮ್ ಬೆರೆಸಿದ ಸಕ್ಕರೆಯೇ ಇರುತ್ತದೆ. ನೀರೆಲ್ಲ ಆ ಸಕ್ಕರೆಯ ಹಿಡಿತದಲ್ಲಿರುವುದರಿಂದ ರೋಗಾಣುಗಳು ಬೆಳೆಯಲಾರವು. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಸಕ್ಕರೆ ಮಾಡುತ್ತದೆ.

ಹಾಲನ್ನು ಕಾಯುವ ಈ ಸಕ್ಕರೆಯೇ ಎಳೆಗೂಸಿಗೆ ಮುಳುವಾಯಿತು. ನೀರು ಬೆರೆಸಿ ಇದನ್ನೇ ಶಿಶುವಿಗೆ ಕುಡಿಸುವ ಪದ್ಧತಿ ಅನೇಕ ದೇಶಗಳಲ್ಲಿ ಹಬ್ಬಿತು. ಮಗುವಿಗೆ ಸಕ್ಕರೆ ಸಿಕ್ಕಿತೇ ಹೊರತು ಬೇಕಾದ ಪೋಷಣೆ ಸಿಗಲಿಲ್ಲ. ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲಿ ಸಿಂಗಪುರದ ರೋಟರಿ ಸಭೆಯಲ್ಲಿ ಇದನ್ನು ಖಂಡಿಸಿ ಮಾತನಾಡಿದರು. ಭಾಷಣಕ್ಕೆ ಅವರಿಟ್ಟ ಹೆಸರೇ ‘ಹಾಲು ಮತ್ತು ಕೊಲೆ’. ನಮ್ಮಲ್ಲಿ ತಾಯಿಹಾಲಿಗೆ ಬದಲಾದ ಆಹಾರಗಳ ಜಾಹೀರಾತನ್ನು ನಿಷೇಧಿಸಿದ ಕಾನೂನು ಬಂದದ್ದು 1992ರಲ್ಲಿ.

ಭಾರತದಲ್ಲಿಯೇ ಡಬ್ಬಿಯ ಹಾಲು ತಯಾರಾದ ಕಥೆಗೆ ಮುಂಬಯಿಯ ನಂಟಿದೆ. 1945ರ ಮುಂಬಯಿ ಹಾಲಿನ ಯೋಜನೆಗೆ ಗುಜರಾತಿನ ಖೇಡಾ ಜಿಲ್ಲೆಯಿಂದ ಹಾಲು ಬರುತ್ತಿತ್ತು. ನ್ಯಾಯವಾದ ಬೆಲೆ ಸಿಗದ ಅಲ್ಲಿಯ ರೈತರು 1946ರಲ್ಲಿ ಸಹಕಾರ ಸಂಘ ಕಟ್ಟಿದರು. ಅದೇ ಮುಂದೆ ಅಮುಲ್ ಎಂದು ಹೆಸರಾಯಿತು. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಕರೆಯುತ್ತವೆ, ಮುಂಬಯಿಗೆ ಅಷ್ಟೂ ಬೇಕಿರಲಿಲ್ಲ. ಮಿಕ್ಕ ಹಾಲಿಗಾಗಿ ಆಣಂದದಲ್ಲಿ 1955ರಲ್ಲಿ ಹಾಲಿನ ಪುಡಿಯ ಕಾರ್ಖಾನೆಯೂ 1958ರಲ್ಲಿ ಮಂದಹಾಲಿನ ತಯಾರಿಕೆಯೂ ಆರಂಭವಾದವು. 1961ರಲ್ಲಿ ಪಂಜಾಬಿನ ಮೋಗಾದಲ್ಲಿ ನೆಸ್ಲೆಯ ಕಾರ್ಖಾನೆಯೂ ಬಂತು.

ಇನ್ನು ಅಡುಗೆಮನೆಯ ಮಾತು. 400 ಗ್ರಾಮಿನ ಡಬ್ಬಿಯಲ್ಲಿ ಸುಮಾರು 180 ಗ್ರಾಮ್ ಸಕ್ಕರೆ ಆಗಲೇ ಇರುತ್ತದೆ. ಆದ್ದರಿಂದ ಪಾಯಸಕ್ಕೆ ಮೊದಲು ಡಬ್ಬಿಯ ಹಾಲು ಹಾಕಿ, ರುಚಿ ನೋಡಿ, ಬೇಕೆನಿಸಿದರೆ ಮಾತ್ರ ಸಕ್ಕರೆ ಸೇರಿಸಬೇಕು. ಶಾವಿಗೆ, ಅಕ್ಕಿ ಚೆನ್ನಾಗಿ ಬೆಂದ ಮೇಲೆಯೇ ಇದನ್ನು ಬೆರೆಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಬೇಕು, ಇಲ್ಲವಾದರೆ ತಳ ಹಿಡಿಯುತ್ತದೆ. ತೆರೆಯದ ಡಬ್ಬಿಯನ್ನು ಬಿಸಿಲು, ಒಲೆಯ ಕಾವು ತಾಗದ ಕಡೆ ಇಡಬೇಕು. ಉಬ್ಬಿದ ಡಬ್ಬಿಯನ್ನು ಬಿಸಾಡುವುದೇ ಲೇಸು. ಮುಚ್ಚಿದ ಡಬ್ಬಿಯನ್ನು ಹಾಗೆಯೇ ಕುದಿಸುವುದಂತೂ ಅಪಾಯ, ಅದು ಸಿಡಿದೀತು. ತೆರೆದ ಮೇಲೆ ಉಳಿದದ್ದನ್ನು ಗಾಜಿನ ಭರಣಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ವಾರದೊಳಗೆ ಮುಗಿಸಬೇಕು. ಒದ್ದೆ ಚಮಚ ಮುಟ್ಟಿಸಬಾರದು. ನೀರು ಸೇರಿದರೆ ಸಕ್ಕರೆಯ ಕಾವಲು ಸಡಿಲವಾಗುತ್ತದೆ. ಹಳೆಯ ಡಬ್ಬಿಯಲ್ಲಿ ಮರಳಿನಂಥ ಕಣ ಸಿಕ್ಕರೆ ಅದು ಹಾಲಿನದೇ ಸಕ್ಕರೆ, ಭಯವಿಲ್ಲ.

ಪಾಯಸಕ್ಕೆ, ಬರ್ಫಿಗೆ, ಐಸ್‌ಕ್ರೀಮಿಗೆ ಇದು ಸೊಗಸಾದ ಪದಾರ್ಥ. ತೊಟ್ಟಿಲ ಕೂಸಿಗೆ ಮಾತ್ರ ಇದನ್ನು ಕುಡಿಸಬಾರದು. ಊರಿನ ಹಿರಿಯರು ಹತ್ತಿರವಿಲ್ಲದ ನಮ್ಮ ಎಳೆಯ ತಾಯಂದಿರಿಗೆ ಈ ಒಂದು ಮಾತನ್ನು ನಾವೇ ಹೇಳಬೇಕು.