ಹಮ್ಮಾಮಿನಿಂದ ಕಾವಿನ ಪೆಟ್ಟಿಗೆಯವರೆಗೆ: ಚರಿತ್ರೆ ಕಲಿಸುವ ಪಾಠ

ಕೆಲವು ವಾರಗಳ ಹಿಂದೆ ಜುಮಾ ನಮಾಝ್ ಮುಗಿದ ಬಳಿಕ ಬೈಲಹೊಂಗಲದ ಕುಟುಂಬವೊಂದರ ಹಿರಿಯರು ನಮ್ಮಲ್ಲಿ ಒಂದು ಪ್ರಶ್ನೆ ಇಟ್ಟರು. ಅವರಿಗೆ ಮೊಣಕಾಲು ನೋವು, ಜೊತೆಗೆ ಹತ್ತಾರು ವರ್ಷಗಳ ಸಕ್ಕರೆ ಕಾಯಿಲೆ. ಗಲ್ಫ್‌ನಲ್ಲಿ ದುಡಿಯುವ ಮಗ ತಂದೆಗಾಗಿ ಇನ್‌ಫ್ರಾರೆಡ್ ಸೌನಾ ಎಂಬ ಮರದ ಪೆಟ್ಟಿಗೆ ಕೊಳ್ಳಲು ಹೊರಟಿದ್ದಾನೆ. ಬೆಲೆ ಲಕ್ಷ ದಾಟುತ್ತದೆ. ಬಡ್ಡಿಯ ಕಂತಿನಲ್ಲಿ ಕೊಳ್ಳುವುದೆಂಬ ಮಾತೂ ಇದೆ. "ಇದು ನಮ್ಮ ಹಮ್ಮಾಮಿನ ಹೊಸ ರೂಪವೇ ಅಂತ ಹೇಳ್ತಾರಲ್ಲ ಉಸ್ತಾದ್, ತಗೊಳ್ಳೋದೋ ಬೇಡವೋ?" ಎಂಬುದು ಅವರ ಪ್ರಶ್ನೆ. ಉತ್ತರಿಸುವ ಮುನ್ನ ಹಮ್ಮಾಮಿನ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದೆಂದು ನಮಗೆ ತೋರಿತು.

ಉಗಿ ಮತ್ತು ಬಿಸಿನೀರಿನ ಸ್ನಾನಗೃಹಗಳನ್ನು ಮುಸ್ಲಿಮರು ಮೊದಲು ಕಟ್ಟಿದವರಲ್ಲ. ರೋಮನ್ನರಲ್ಲಿ ಬೆಳೆದಿದ್ದ ಆ ವಿದ್ಯೆಯನ್ನು ಮುಸ್ಲಿಮರು ಶಾಮ್ ನಾಡಿನಲ್ಲಿ ಕಂಡು, ತಮ್ಮ ಶುಚಿತ್ವದ ನಿಯಮಗಳಿಗೆ ಒಗ್ಗಿಸಿಕೊಂಡರು. ಜೋರ್ಡಾನಿನ ಮರುಭೂಮಿಯಲ್ಲಿರುವ ಕುಸೈರ್ ಅಮ್ರಾದಲ್ಲಿ ಎಂಟನೆಯ ಶತಮಾನದ ಉಮಯ್ಯಾ ಕಾಲದ ಹಮ್ಮಾಮ್ ಇಂದಿಗೂ ನಿಂತಿದೆ. ನೆಲದಡಿಯಲ್ಲಿ ಕಟ್ಟಿಗೆಯ ಒಲೆ, ಅದರ ಮೇಲೆ ನೀರಿನ ಹಂಡೆ, ಹೊಗೆ ಮತ್ತು ಬಿಸಿಗಾಳಿ ಹರಿಯಲು ನೆಲದ ಕೆಳಗೂ ಗೋಡೆಯೊಳಗೂ ದಾರಿ, ಬೆಳಕಿಗಾಗಿ ಗುಮ್ಮಟದಲ್ಲಿ ಕಿಂಡಿ. ತಣ್ಣನೆಯ ಕೋಣೆಯಿಂದ ಬೆಚ್ಚನೆಯದಕ್ಕೆ, ಅಲ್ಲಿಂದ ಬಿಸಿಯದಕ್ಕೆ ನಿಧಾನವಾಗಿ ಸಾಗುವುದು ಕ್ರಮ. ನಮ್ಮ ಕರಾವಳಿಯ ಹೊನ್ನಾವರಕ್ಕೂ ಬಂದಿದ್ದ ಪ್ರವಾಸಿ ಇಬ್ನ್ ಬತೂತಾ 1327ರಲ್ಲಿ ಬಗ್ದಾದ್ ಕಂಡಾಗ ಅಲ್ಲಿನ ಹಮ್ಮಾಮುಗಳಿಗೆ ಬೆರಗಾದನು. ಸ್ನಾನಕ್ಕೆ ಬಂದ ಪ್ರತಿಯೊಬ್ಬನಿಗೂ ಮೂರು ವಸ್ತ್ರ: ಒಳಹೋಗುವಾಗ ಉಡಲು ಒಂದು, ಹೊರಬರುವಾಗ ಉಡಲು ಒಂದು, ಮೈ ಒರೆಸಿಕೊಳ್ಳಲು ಒಂದು. ಲಜ್ಜೆಯನ್ನು ಕಾಯುವುದು ಅಲ್ಲಿ ಸ್ನಾನದಷ್ಟೇ ಮುಖ್ಯವಾಗಿತ್ತು.

ದಖನ್ನಿಗೂ ಈ ವಿದ್ಯೆ ಬಂದಿತು. ಬೀದರ ಕೋಟೆಯೊಳಗಿನ ವಸ್ತು ಸಂಗ್ರಹಾಲಯವನ್ನು ನೋಡಿದವರಲ್ಲಿ ಅನೇಕರಿಗೆ ತಾವು ನಿಂತಿರುವುದು ಹಿಂದಿನ ಶಾಹಿ ಹಮ್ಮಾಮಿನಲ್ಲಿ ಎಂಬುದು ತಿಳಿದಿರಲಾರದು. ಆ ಬೀದರಿನಿಂದಲೇ ವಜೀರ ಮಹಮೂದ್ ಗವಾನನ ಸೈನ್ಯ ಹೊರಟು ಬೆಳಗಾವಿಯ ಕೋಟೆಯನ್ನು ಗೆದ್ದಿತು. ಮುಂದೆ ಆದಿಲ್ ಶಾಹಿಗಳ ಕಾಲದಲ್ಲಿ, 1519ರಲ್ಲಿ, ಅಸದ್ ಖಾನನು ಅದೇ ಕೋಟೆಯಲ್ಲಿ ಸಫಾ ಮಸೀದಿಯನ್ನು ಕಟ್ಟಿಸಿದನು. ಸಫಾ ಎಂದರೆ ನಿರ್ಮಲತೆ. ನಮ್ಮ ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿಯೂ, ಧ್ರುವ ನಕ್ಷತ್ರವನ್ನು ನೋಡುತ್ತಿದ್ದರೆಂಬ ಕೊಳವೆಯ ಜೊತೆಗೆ, ಬಾವಿ, ನೀರಿನ ಹಾದಿ ಹಾಗೂ ಬಚ್ಚಲುಮನೆಗಳ ಗುರುತುಗಳನ್ನು ಕಾಣಬಹುದು. ನೀರು ಮತ್ತು ಕಾವನ್ನು ಜಾಣತನದಿಂದ ಬಳಸುವುದು ಒಂದೇ ಧರ್ಮದವರ, ಒಂದೇ ಅರಸುಮನೆಯ ಸ್ವತ್ತಾಗಿರಲಿಲ್ಲ.

ಯೂನಾನಿ ಹಕೀಮರು ಹಮ್ಮಾಮನ್ನು ಚಿಕಿತ್ಸೆಯಾಗಿ ಕಂಡರು. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಸ್ನಾನದ ಲಾಭವನ್ನು ಹೇಳಿದಂತೆಯೇ ಅದರ ಹಾನಿಯನ್ನೂ ಹೇಳಿದ್ದಾರೆ. ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂಬುದೇ ಹಕೀಮರ ಮುಖ್ಯ ಚಿಂತೆಯಾಗಿತ್ತು. 1984ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆಯಲ್ಲಿ ‘ಇಲಾಜ್ ಬಿತ್ ತದ್‌ಬೀರ್’ ಇಂದಿಗೂ ಒಂದು ಕಲಿಕೆಯ ವಿಷಯ. ಹಮ್ಮಾಮ್ ಆ ಪದ್ಧತಿಯ ಒಂದು ಅಂಗ. ಇಮಾಮ್ ಗಝಾಲಿಯವರಂತೂ ಹಮ್ಮಾಮಿನ ಬಿಸಿಯಲ್ಲಿ ನಿಂತವನು ನರಕದ ಬಿಸಿಯನ್ನು ನೆನೆಯಲಿ ಎಂದು ಬೋಧಿಸಿದರು. ದೇಹ ಬೆವರುವಾಗ ಮನಸ್ಸು ಮರೆಯಬಾರದೆಂಬುದು ಅವರ ಕಾಳಜಿ.

ಇನ್ನು ‘ಇನ್‌ಫ್ರಾರೆಡ್’ ಎಂಬುದೇನು? 1800ರಲ್ಲಿ ವಿಲಿಯಂ ಹರ್ಷಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿ ಉಷ್ಣಮಾಪಕ ಇಟ್ಟು ನೋಡಿದನು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದಲ್ಲಿ, ಪಾದರಸ ಇನ್ನೂ ಮೇಲೇರಿತು. ಆ ಕಾಣದ ಕಿರಣವೇ ಇದು. ಕಿತ್ತೂರಿನ ಕದನ ನಡೆದದ್ದು ಅದಾದ 24 ವರ್ಷಗಳಿಗೆ. ಆದರೆ ಹರ್ಷಲ್ ಹೆಸರು ಕೇಳದ ನಮ್ಮ ಅಜ್ಜಿಯರು ಈ ಕಿರಣವನ್ನು ಬಲ್ಲವರಾಗಿದ್ದರು. ಬಾಣಂತಿಗೆ ಎರೆದು, ಹೊರಸಿನ ಕೆಳಗೆ ಕೆಂಡ ಇಟ್ಟು, ಲೋಬಾನದ ಹೊಗೆ ಹಾಕಿ ಕಾಯಿಸುತ್ತಿದ್ದರಲ್ಲ, ಆ ಕೆಂಡದಿಂದ ಬೆನ್ನಿಗೆ ತಾಗುತ್ತಿದ್ದುದು ಬಹುಪಾಲು ಇದೇ ಕಿರಣ. ಆ ಪದ್ಧತಿಯಲ್ಲಿ ಪ್ರೀತಿ ಇತ್ತು, ಅಪಾಯವೂ ಇತ್ತು. ಗಾಳಿ ತಾಗಬಾರದೆಂದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಯಿ ಮಗು ನಿದ್ದೆಯಲ್ಲೇ ಪ್ರಾಣ ಬಿಡಬಹುದು. ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಈಗಲೂ ಕಾಯಿಸುವ ಮನೆಗಳಿದ್ದರೆ ಈ ಮಾತನ್ನು ದಯವಿಟ್ಟು ಅಲ್ಲಿಗೆ ಮುಟ್ಟಿಸಬೇಕು.

ಈಗ ಪೆಟ್ಟಿಗೆಯ ಮಾತು. ಫಿನ್ಲೆಂಡಿನ ಸಾಂಪ್ರದಾಯಿಕ ಸೌನಾದಲ್ಲಿ ಗಾಳಿಯೇ 80 ಡಿಗ್ರಿಯ ಸುತ್ತಮುತ್ತ ಕಾಯುತ್ತದೆ. ಇನ್‌ಫ್ರಾರೆಡ್ ಪೆಟ್ಟಿಗೆ 45ರಿಂದ 60 ಡಿಗ್ರಿಯಲ್ಲಿದ್ದು, ಕಿರಣಗಳಿಂದ ನೇರವಾಗಿ ಮೈಯನ್ನು ಕಾಯಿಸುತ್ತದೆ. ಫಿನ್ಲೆಂಡಿನ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವು ಹೆಚ್ಚು ಬಾರಿ ಸೌನಾ ಮಾಡುವವರಲ್ಲಿ ಹೃದಯದ ಸಾವು ಕಡಿಮೆ ಎಂದು ಕಂಡಿತು. ಮಾರುವವರು ಇದನ್ನೇ ತೋರಿಸುತ್ತಾರೆ. ಆದರೆ ಅದು ಹಳೆಯ ಬಗೆಯ ಸೌನಾದ ಮಾತು, ಇನ್‌ಫ್ರಾರೆಡ್ ಪೆಟ್ಟಿಗೆಯದಲ್ಲ. ಜಪಾನಿನ ವೈದ್ಯರು 60 ಡಿಗ್ರಿಯ ಇನ್‌ಫ್ರಾರೆಡ್ ಕೋಣೆಯಲ್ಲಿ 15 ನಿಮಿಷ ಕೂರಿಸಿ, ಬಳಿಕ 30 ನಿಮಿಷ ಹೊದಿಸಿ ಮಲಗಿಸುವ ಚಿಕಿತ್ಸೆಯನ್ನು ಹೃದ್ರೋಗಿಗಳಿಗೆ ನೀಡಿದ್ದಾರೆ. ಅದು ವೈದ್ಯರ ಕಣ್ಣೆದುರಿನ ಚಿಕಿತ್ಸೆ. ಬೆವರಿನ ಮೂಲಕ ದೇಹದ ‘ವಿಷ’ವೆಲ್ಲ ಹೋಗುತ್ತದೆಂಬ ಜಾಹೀರಾತನ್ನು ನಂಬಬೇಕಿಲ್ಲ. ಬೆವರು ಬಹುಮಟ್ಟಿಗೆ ನೀರು ಮತ್ತು ಉಪ್ಪು. ಶುದ್ಧಿಯ ಕೆಲಸಕ್ಕೆ ಅಲ್ಲಾಹನು ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಇಟ್ಟಿದ್ದಾನೆ.

ಇಷ್ಟನ್ನು ಹೇಳಿ ನಾವು ಆ ಹಿರಿಯರನ್ನು ಕೇಳಿದೆವು: "ಚಾಚಾ, ಪಾದಕ್ಕೆ ಮುಳ್ಳು ಚುಚ್ಚಿದರೆ ಗೊತ್ತಾಗುತ್ತದೆಯೇ?" ಅವರು ತುಸು ಹೊತ್ತು ಸುಮ್ಮನಿದ್ದು, "ಈಗೀಗ ಗೊತ್ತಾಗಲ್ಲ" ಎಂದರು. ಉತ್ತರ ಅಲ್ಲಿಯೇ ಇತ್ತು. ಸಕ್ಕರೆ ಕಾಯಿಲೆಯಿಂದ ನರಗಳ ಸ್ಪರ್ಶ ಕಳೆದವರಿಗೆ ಕಾಲು ಸುಟ್ಟರೂ ತಿಳಿಯದು. ಆ ಗಾಯ ಬೇಗ ಮಾಯುವುದೂ ಇಲ್ಲ. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಕಾವಿನಲ್ಲಿ ತಲೆಸುತ್ತು ಬಂದು ಬೀಳುವ ಭಯವಿದೆ. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರ ಒಪ್ಪಿಗೆಯಿಲ್ಲದೆ ಒಳಗೆ ಕೂರಲೇಬಾರದು.

ಆರೋಗ್ಯವಂತರು ಕೊಳ್ಳುವುದಾದರೆ ನಾವು ಅಡ್ಡಿ ಮಾಡುವವರಲ್ಲ. ಒಬ್ಬರು ಕೂರುವ ಪೆಟ್ಟಿಗೆ ಸಾಮಾನ್ಯವಾಗಿ 1,500ರಿಂದ 2,000 ವಾಟ್ ಎಳೆಯುತ್ತದೆ. ಅದಕ್ಕೆ ತಕ್ಕ ತಂತಿ, ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿರಿ. ಬಾಗಿಲು ಒಳಗಿನಿಂದ ತಳ್ಳಿದೊಡನೆ ತೆರೆಯಬೇಕು. ತಾನಾಗಿ ಆರುವ ಗಡಿಯಾರ ಇರಬೇಕು. ಮೊದಲು 10 ನಿಮಿಷ ಸಾಕು, ರೂಢಿಯಾದ ಮೇಲೂ 20 ದಾಟಬೇಡಿರಿ. ಹೊಟ್ಟೆ ತುಂಬ ಉಂಡೊಡನೆ ಬೇಡ, ಉಪವಾಸದ ಹಗಲಿನಲ್ಲಿ ಬೇಡ. ಮುಂಚೆ, ನಂತರ ನೀರು ಕುಡಿಯಿರಿ. ಮನೆಯಲ್ಲಿ ಒಬ್ಬರೇ ಇರುವಾಗ ಕೂರಬೇಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ದೇಹದ ಹಕ್ಕು ಸಲ್ಲಿಸಲು ಹೋಗಿ ಬಡ್ಡಿಯ ಸಾಲವನ್ನು ಮನೆಗೆ ತರಬೇಡಿರಿ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಕಲಿಸಿದ ಪ್ರವಾದಿ(ಸ)ಯವರೇ ದುಂದುವೆಚ್ಚದಿಂದಲೂ ನಮ್ಮನ್ನು ತಡೆದಿದ್ದಾರೆ.

ಕೊನೆಗೆ ಆ ಮಗ ಪೆಟ್ಟಿಗೆ ಕೊಳ್ಳಲಿಲ್ಲ. ತಂದೆಯ ಪಾದ ಪರೀಕ್ಷೆ ಮಾಡಿಸಿ, ಮೆತ್ತನೆಯ ಚಪ್ಪಲಿ ಕೊಡಿಸಲು ಹಣ ಕಳುಹಿಸಿದನು. ಬಚ್ಚಲ ಹಂಡೆಯ ನೀರನ್ನು ಸೊಸೆ ಮೊದಲು ತನ್ನ ಮೊಣಕೈಯಿಂದ ಮುಟ್ಟಿ ನೋಡಿ, ಆಮೇಲೆ ಮಾವನಿಗೆ ಕೊಡುತ್ತಾಳೆ. ರಜೆಗೆ ಬಂದಾಗ ದಿನವೂ ಫಜ್ರ್ ಬಳಿಕ ತಂದೆಯ ಕೈಹಿಡಿದು ನಡೆಸುವೆನೆಂದು ಮಗ ಮಾತು ಕೊಟ್ಟಿದ್ದಾನೆ. ಹೆತ್ತವರ ಮುಪ್ಪಿಗೆ ಬೇಕಾದ ಬೆಚ್ಚನೆ ಇಂಥದು. ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯವನ್ನೂ, ನಮಗೆ ಅವರ ಸೇವೆಯ ಭಾಗ್ಯವನ್ನೂ ಕರುಣಿಸಲಿ. ಆಮೀನ್.