ಐವತ್ತು ಗಂಟೆಯ ತಪಾಸಣೆ

1942ರಲ್ಲಿ ಬ್ರಿಟನ್ನಿಗೆ ತಿನ್ನುವ ಗೋಧಿಯ ಬಹುಪಾಲು, ಉರಿಸುವ ಎಣ್ಣೆ, ಹೂಡುವ ಮದ್ದುಗುಂಡಿನ ಒಂದು ಪಾಲು ಅಟ್ಲಾಂಟಿಕ್ ದಾಟಿ ಹಡಗಿನಲ್ಲಿ ಬರಬೇಕಿತ್ತು. ಆ ಹಡಗುಗಳನ್ನು ಜರ್ಮನಿಯ ಯು-ಬೋಟುಗಳು ಬೇಟೆಯಾಡುತ್ತಿದ್ದವು. ಆದರೆ ಆ ಕಾಲದ ಜಲಾಂತರ್ಗಾಮಿ ಬಹಳ ಹೊತ್ತು ನೀರಿನಡಿ ಇರಲಾರದು. ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು ಅದು ಮೇಲೆ ಬರಲೇಬೇಕು. ಮೇಲೆ ಬಂದಾಗ ತಲೆಯ ಮೇಲೊಂದು ವಿಮಾನ ಸುತ್ತುತ್ತಿದ್ದರೆ ಅದು ಮತ್ತೆ ಮುಳುಗಬೇಕು, ಇಲ್ಲವೇ ಸಾಯಬೇಕು. ಹಾಗಾಗಿ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡ್‌ಗೆ ಬೇಕಾಗಿದ್ದುದು ಮುಖ್ಯವಾಗಿ ಒಂದೇ: ಸಮುದ್ರದ ಮೇಲೆ ಹೆಚ್ಚು ಹೆಚ್ಚು ಹಾರಾಟದ ಗಂಟೆಗಳು.

ಹೊಸ ವಿಮಾನಗಳು ಬೇಕಾದಷ್ಟು ಸಿಗುತ್ತಿರಲಿಲ್ಲ. ದೂರ ಹಾರಬಲ್ಲವುಗಳಲ್ಲಿ ಹೆಚ್ಚಿನವು ಜರ್ಮನಿಯ ಊರುಗಳ ಮೇಲೆ ಬಾಂಬು ಹಾಕಲು ಹೋಗುತ್ತಿದ್ದವು. ಉಳಿದದ್ದು ಇರುವ ವಿಮಾನಗಳಿಂದಲೇ ಹೆಚ್ಚು ಕೆಲಸ ತೆಗೆಯುವ ದಾರಿ. ಕಮಾಂಡಿನಲ್ಲಿ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ 1941ರಲ್ಲಿ ಕಟ್ಟಿದ್ದ ಒಂದು ಸಣ್ಣ ಸಂಶೋಧನಾ ವಿಭಾಗವಿತ್ತು. (ಮುಂದೆ ನೊಬೆಲ್ ಪಡೆದು, ಸ್ವತಂತ್ರ ಭಾರತದ ರಕ್ಷಣಾ ವಿಜ್ಞಾನದ ಬಗ್ಗೆ ನೆಹರೂಗೆ ಸಲಹೆ ಕೊಟ್ಟ ಬ್ಲ್ಯಾಕೆಟ್ ಇವರೇ.) ಆ ವಿಭಾಗದಲ್ಲಿ ಎಂಜಿನಿಯರುಗಳಿಗಿಂತ ಬೇರೆಯವರೇ ಹೆಚ್ಚು ಮಾತಾಡುತ್ತಿದ್ದರು. ನಿರ್ವಹಣೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡ ಸೆಸಿಲ್ ಗಾರ್ಡನ್ ಹಣ್ಣುನೊಣಗಳ ಮೇಲೆ ಕೆಲಸ ಮಾಡಿದ್ದ ತಳಿವಿಜ್ಞಾನಿ. ಆ ಕೆಲಸದ ಇತಿಹಾಸವನ್ನು ಬರೆದ ಕಾನ್ರಾಡ್ ವಾಡಿಂಗ್ಟನ್ ಭ್ರೂಣವಿಜ್ಞಾನಿ. 'ಎಪಿಜೆನೆಟಿಕ್ಸ್' ಎಂಬ ಪದವನ್ನು ಅದೇ 1942ರಲ್ಲಿ ಟಂಕಿಸಿದವರು. ಸ್ಪಾನರ್ ಹಿಡಿದು ಬೆಳೆದವರಲ್ಲ ಇಬ್ಬರೂ. ಆದರೆ ಹುಟ್ಟು, ಬೆಳವಣಿಗೆ, ರೋಗ, ಸಾವುಗಳನ್ನು ಸಾವಿರಗಳ ಲೆಕ್ಕದಲ್ಲಿ ನೋಡುವ ಅಭ್ಯಾಸ ಅವರಿಗಿತ್ತು. ಒಂದು ವಿಮಾನವನ್ನು ನೋಡುವ ಬದಲು ಅವರು ವಿಮಾನಗಳ ಒಂದು ಸಂತತಿಯನ್ನೇ ನೋಡಿದರು: ಯಾವ ಗಳಿಗೆಯಲ್ಲಿ ಎಷ್ಟು ಹಾರುತ್ತಿವೆ, ಎಷ್ಟು ಸುಮ್ಮನೆ ನಿಂತಿವೆ, ಎಷ್ಟು ಬಿಚ್ಚಿ ಬಿದ್ದಿವೆ, ಎಷ್ಟು ಬಿಡಿಭಾಗಕ್ಕಾಗಿ ಕಾಯುತ್ತಿವೆ.

ಮೊದಲು ಕಂಡದ್ದು ಒಂದು ವಿಚಿತ್ರ ನಿಯಮ. ಸ್ಕ್ವಾಡ್ರನ್ನಿನ ಸುಮಾರು ಮುಕ್ಕಾಲು ಪಾಲು ವಿಮಾನಗಳು ಯಾವಾಗಲೂ ಹಾರಲು ಸಿದ್ಧವಾಗಿರಬೇಕು ಎಂದು ಮೇಲಿನವರ ಅಪೇಕ್ಷೆ. ಕೇಳಲು ಸರಿಯಾಗಿಯೇ ಇದೆ. ಆದರೆ ಹಾರಿದ ವಿಮಾನಕ್ಕೆ ದುರಸ್ತಿ ಬೇಕಾಗುತ್ತದೆ, ದುರಸ್ತಿಗೆ ನಿಂತದ್ದು ಸಿದ್ಧ ವಿಮಾನಗಳ ಲೆಕ್ಕದಿಂದ ಇಳಿಯುತ್ತದೆ. ನೂರು ಬಸ್ಸುಗಳ ಡಿಪೋ ಒಂದಕ್ಕೆ 'ಎಪ್ಪತ್ತೈದು ಬಸ್ಸು ಸದಾ ರೆಡಿ ಇರಬೇಕು' ಎಂದು ಹೇಳಿದರೆ ಮ್ಯಾನೇಜರು ಮಾಡುವ ಜಾಣತನ ಯಾವುದು? ಬಸ್ಸನ್ನು ರಸ್ತೆಗೇ ಕಳಿಸದಿರುವುದು. ಒಂದೂ ವಿಮಾನ ಹಾರದ ಸ್ಕ್ವಾಡ್ರನ್ನಿನಲ್ಲಿ ನೂರಕ್ಕೆ ನೂರು ಸಿದ್ಧತೆ ಇರುತ್ತದೆ. ಗಾರ್ಡನ್ ವಾದ ಇದರ ತದ್ವಿರುದ್ಧ. ದುಬಾರಿಯಾದದ್ದು ಮೆಕ್ಯಾನಿಕ್‌ಗಳ ಸಮಯ. ಅವರ ಕೈ ಎಂದೂ ಖಾಲಿ ಇರದಷ್ಟು ವಿಮಾನಗಳನ್ನು ಹಾರಿಸಬೇಕು. ಹಾಗೆ ಮಾಡಿದಾಗ ಸಿದ್ಧ ವಿಮಾನಗಳ ಪ್ರಮಾಣ ಇಳಿದರೆ ಇಳಿಯಲಿ, ಅದು ನಾಚಿಕೆಯ ಸಂಗತಿಯಲ್ಲ. ವಿಟ್ಲಿ ವಿಮಾನಗಳ 502ನೇ ಸ್ಕ್ವಾಡ್ರನ್ನಿನಲ್ಲಿ ಇದನ್ನು ಪ್ರಯೋಗಿಸಿ ನೋಡಿದರು. ಅದೇ ವಿಮಾನ, ಅದೇ ಜನ. ಹಾರಾಟದ ಗಂಟೆಗಳು ಗಮನಾರ್ಹವಾಗಿ ಏರಿದವು.

ಎರಡನೆಯದು ಇನ್ನೂ ಇರುಸುಮುರುಸಿನ ಸಂಗತಿ. ಪ್ರತಿ ಐವತ್ತು ಗಂಟೆ ಹಾರಾಟಕ್ಕೊಮ್ಮೆ ವಿಮಾನವನ್ನು ಹ್ಯಾಂಗರಿಗೆ ಎಳೆದು ತಂದು, ಮುಚ್ಚಳಗಳನ್ನು ಬಿಚ್ಚಿ ತಪಾಸಣೆ ಮಾಡುವ ಕ್ರಮವಿತ್ತು. ತಪಾಸಣೆ ಕೆಲಸಕ್ಕೆ ಬರುತ್ತಿದ್ದರೆ ಲೆಕ್ಕ ಹೇಗೆ ಕಾಣಬೇಕು? ತಪಾಸಣೆಯಾದ ಕೂಡಲೇ ಅನಿರೀಕ್ಷಿತ ದುರಸ್ತಿಗಳು ತೀರ ಕಡಿಮೆ ಇರಬೇಕು. ಗಂಟೆಗಳು ಕಳೆದಂತೆ ಸವೆತ ಹೆಚ್ಚಿ, ಮುಂದಿನ ತಪಾಸಣೆ ಹತ್ತಿರವಾಗುವಾಗ ಅವು ತುದಿ ಮುಟ್ಟಬೇಕು. ದಾಖಲೆ ಪುಸ್ತಕಗಳಿಂದ ಅಂಕಿಗಳನ್ನು ತೆಗೆದು ಗೆರೆ ಎಳೆದಾಗ ಅದು ತಲೆಕೆಳಗಾಗಿತ್ತು. ದುರಸ್ತಿಗಳು ಅತಿ ಹೆಚ್ಚು ಬೀಳುತ್ತಿದ್ದುದು ತಪಾಸಣೆ ಮುಗಿದ ತಕ್ಷಣದ ಗಂಟೆಗಳಲ್ಲಿ. ಆಮೇಲೆ ಅವು ಮೆಲ್ಲಗೆ ಇಳಿಯುತ್ತಿದ್ದವು. ವಿಮಾನ ಇನ್ನೇನು ಒಂದು ಹದಕ್ಕೆ ಬಂತು ಎನ್ನುವಾಗ ಮತ್ತೆ ಐವತ್ತು ಗಂಟೆ ತುಂಬುತ್ತಿತ್ತು, ಮತ್ತೆ ಬಿಚ್ಚುತ್ತಿದ್ದರು. ತಪಾಸಣೆಯೇ ವಿಮಾನಕ್ಕೆ ಹಾನಿ ಮಾಡುತ್ತಿದೆ, ನೆಟ್ಟಗಿದ್ದುದನ್ನು ಕಲಕುತ್ತಿದೆ ಎಂಬುದನ್ನು ಬಿಟ್ಟು ವಾಡಿಂಗ್ಟನ್‌ಗೆ ಬೇರೆ ಅರ್ಥ ಕಾಣಲಿಲ್ಲ.

ಇದರಲ್ಲಿ ಮೆಕ್ಯಾನಿಕ್‌ಗಳ ಸೋಮಾರಿತನವಾಗಲಿ ದಡ್ಡತನವಾಗಲಿ ಇರಲಿಲ್ಲ. ನೂರು ನಟ್ಟುಗಳನ್ನು ಬಿಚ್ಚಿ ಹಾಕಿದರೆ ಒಂದರ ಬಿಗಿ ತಪ್ಪುತ್ತದೆ. ಒತ್ತಿ ಕುಳಿತಿದ್ದ ವಾಷರ್ ಎದ್ದರೆ ಮತ್ತೆ ಅದೇ ಜಾಗದಲ್ಲಿ ಕೂರುವುದಿಲ್ಲ. ಹಳೆಯ, ಪಳಗಿದ ಭಾಗ ತೆಗೆದು ಹಾಕಿದ ಹೊಸ ಭಾಗಕ್ಕೆ ತನ್ನದೇ ಬಾಲಗ್ರಹಗಳಿರುತ್ತವೆ. ಸರ್ವಿಸಿಗೆ ಬಿಟ್ಟು ತಂದ ಮಾರನೆಯ ದಿನವೇ ಸ್ಕೂಟರಿನಲ್ಲಿ ಹಿಂದಿರದ ಸದ್ದೊಂದು ಕೇಳಿಸಿಕೊಂಡವರಿಗೆಲ್ಲ ಇದು ಗೊತ್ತು. ಗೊತ್ತಿದ್ದರೂ ಅದು ಗೊಣಗಾಟವಾಗಿ ಉಳಿದಿತ್ತು. ಅಂಕಿಯಾಗಿ ಎದುರಿಗೆ ಬಂದಿರಲಿಲ್ಲ.

ಬರದೇ ಇದ್ದುದಕ್ಕೆ ಭಾಷೆಯೂ ಸ್ವಲ್ಪ ಕಾರಣವಿರಬಹುದು. ಕನ್ನಡದಲ್ಲಿ ಹಾಲು ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಬಸ್ಸೂ ಕೆಡುತ್ತದೆ. ಒಂದೇ ಕ್ರಿಯಾಪದ. ಹಾಲನ್ನು ಕೆಡಿಸುವುದು ಕಾಲ. ಅದನ್ನು ತಡೆಯಲು ಹೊತ್ತುಹೊತ್ತಿಗೆ ಕಾಯಿಸಬೇಕು. ಯಂತ್ರವೂ ಹಾಗೆಯೇ, ವಯಸ್ಸಾದಂತೆ ಕೆಡುತ್ತದೆ, ಅವಧಿಗೊಮ್ಮೆ ಬಿಚ್ಚಿ ಕಟ್ಟಿದರೆ ಮತ್ತೆ ಹೊಸದಾಗುತ್ತದೆ ಎನ್ನುವ ನಂಬಿಕೆ ಇಂಗ್ಲಿಷಿನವರಿಗೂ ಇತ್ತು, ನಮಗೂ ಇದೆ. ವಾಡಿಂಗ್ಟನ್ ಕಂಡದ್ದು ಅದೇ ಧಾತುವಿನ ಇನ್ನೊಂದು ರೂಪವನ್ನು: ಆ ವಿಮಾನಗಳು ಕೆಡುತ್ತಿರಲಿಲ್ಲ, ಅವನ್ನು ಕೆಡಿಸಲಾಗುತ್ತಿತ್ತು.

ವಾಡಿಂಗ್ಟನ್ ಯುದ್ಧ ಮುಗಿದ ಮೇಲೆ ಎಲ್ಲವನ್ನೂ ಪುಸ್ತಕವಾಗಿ ಬರೆದಿಟ್ಟರು. ಗೋಪ್ಯತೆಯ ಕಾರಣಕ್ಕೆ ಅದು ಅಚ್ಚಾಗಿ ಹೊರಬಂದದ್ದು 1973ರಲ್ಲಿ.

ಈ ನಡುವೆ ಕೋಸ್ಟಲ್ ಕಮಾಂಡ್ ನೆಚ್ಚಿಕೊಂಡಿದ್ದ ವಿಮಾನಗಳ ಪೈಕಿ ಎರಡು ಬೆಂಗಳೂರಿಗೂ ಬಂದಿದ್ದವು. 1940ರಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ತೆರೆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಕೈಸೇರಿ ದುರಸ್ತಿ ಡಿಪೋ ಆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. (ಇಂದಿನ ಬೆಳ್ಳಂದೂರು ಕೆರೆಯನ್ನು ಕಂಡವರು ಇದನ್ನು ನಂಬಲು ಕೊಂಚ ಹೆಣಗಬೇಕು.) ಇನ್ನೊಂದು ಲಿಬರೇಟರ್, ನಾಲ್ಕು ಎಂಜಿನ್ನಿನ ಬಾಂಬರ್. ಯುದ್ಧ ಮುಗಿದ ಮೇಲೆ ಅಂಥ ಹಲವು ವಿಮಾನಗಳನ್ನು ಮತ್ತೆ ಯಾರೂ ಬಳಸದಂತೆ ಬೇಕೆಂದೇ ಹಾಳುಮಾಡಿ ಕಾನ್ಪುರದಲ್ಲಿ ಬಿಟ್ಟು ಹೋಗಿದ್ದರು. 1948ರಲ್ಲಿ ಬೆಂಗಳೂರಿನ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಒಂದೊಂದನ್ನೂ ಹಾರುವಷ್ಟು ಮಟ್ಟಿಗೆ ಸರಿಮಾಡಿದರು. ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಪೂರ್ತಿ ದುರಸ್ತಿಯಾದ ಮೇಲೆ ಅವು ವಾಯುಪಡೆಯ 5 ಮತ್ತು 6ನೇ ಸ್ಕ್ವಾಡ್ರನ್‌ಗಳಿಗೆ ಸೇರಿದವು. ಕೆಲವು ಪುಣೆಯಿಂದ ಸಮುದ್ರದ ಕಾವಲಿಗೆ ಹಾರಿದವು, ಅಂದರೆ ಅಟ್ಲಾಂಟಿಕ್ಕಿನಲ್ಲಿ ಅವುಗಳ ಅಣ್ಣಂದಿರು ಮಾಡಿದ ಕೆಲಸವನ್ನೇ. ಕೊನೆಯವು ನಿವೃತ್ತಿಯಾದದ್ದು 1968ರಲ್ಲಿ. ಗುಜರಿ ಎಂದು ಬಿಸಾಕಿದ ಯಂತ್ರ ಮತ್ತೆ ಇಪ್ಪತ್ತು ವರ್ಷ ಹಾರಿತು. ಕೈ ಹಾಕಿದರೆ ಕೆಡುತ್ತದೆ ಎಂಬ ಮಾತಿಗೆ ಇದು ತಕ್ಕ ತಿದ್ದುಪಡಿ. ಕೈ ಹಾಕಲು ಕಾರಣವೊಂದು ಇರಬೇಕು, ಅಷ್ಟೇ. ಕ್ಯಾಲೆಂಡರು ಮಾತ್ರ ಕಾರಣವಾದಾಗ ತೊಂದರೆ.

ಲಿಬರೇಟರ್‌ಗಳು ನಿವೃತ್ತಿಯಾದ ಆ ವರ್ಷವೇ ಅಮೆರಿಕದ ವಿಮಾನ ಕಂಪನಿಗಳು ಕ್ಯಾಲೆಂಡರನ್ನು ಗೋಡೆಯಿಂದ ಇಳಿಸತೊಡಗಿದ್ದವು. ವಾಡಿಂಗ್ಟನ್ ಪುಸ್ತಕ ಇನ್ನೂ ಹೊರಬಂದಿರಲಿಲ್ಲ. ಅವರು ನಡೆದದ್ದು ಬೇರೆ ದಾರಿಯಿಂದ. ಐವತ್ತರ ದಶಕದ ಕೊನೆಗೆ ಆ ಕಂಪನಿಗಳಿಗೆ ನಿರ್ವಹಣೆಯ ಖರ್ಚು ಹೊರೆಯಾಗಿತ್ತು. ಎಂಜಿನ್ನಿನ ಯಾವ ಭಾಗವೇ ಆಗಲಿ, ಇಷ್ಟು ಗಂಟೆಗೊಮ್ಮೆ ಇಳಿಸಿ ಓವರ್‌ಹಾಲ್ ಮಾಡಲೇಬೇಕೆಂಬ ನಿಯಮ. ಆ ಅವಧಿಯನ್ನು ಕಡಿಮೆ ಮಾಡಿದರೂ ಕೆಲವು ಭಾಗಗಳು ಕೆಡುವುದು ಕಡಿಮೆಯಾಗಲಿಲ್ಲ. ಸರ್ಕಾರದ ವಿಮಾನಯಾನ ಇಲಾಖೆಯೂ ಕಂಪನಿಗಳೂ ಕೂಡಿ ಕುಳಿತು ದಾಖಲೆಗಳನ್ನು ಅಗೆದವು. 1968ರಲ್ಲಿ, ಬೋಯಿಂಗ್ 747 ಹಾರುವ ಮೊದಲೇ, ಅದರ ನಿರ್ವಹಣೆಗೆಂದು ಹೊಸ ಬಗೆಯ ಕೈಪಿಡಿಯೊಂದು ಸಿದ್ಧವಾಯಿತು. ಈ ಭಾಗ ಕೆಟ್ಟರೆ ಏನಾಗುತ್ತದೆ, ಕೆಡುವ ಮುನ್ನ ಸುಳಿವು ಕೊಡುತ್ತದೆಯೇ ಎಂದು ಅದು ಮೊದಲು ಕೇಳುತ್ತಿತ್ತು. ಎಷ್ಟು ಗಂಟೆಗೆ ಬಿಚ್ಚಬೇಕು ಎಂಬುದು ಆಮೇಲಿನ ಪ್ರಶ್ನೆ.

ಈ ಕೆಲಸದ ಸಾರ ಬಂದದ್ದು 1978ರ ಡಿಸೆಂಬರಿನಲ್ಲಿ, ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೌಲನ್ ಮತ್ತು ಹೋವರ್ಡ್ ಹೀಪ್ ಅಮೆರಿಕದ ರಕ್ಷಣಾ ಇಲಾಖೆಗೆ ಬರೆದುಕೊಟ್ಟ ವರದಿಯಲ್ಲಿ. ಪಠ್ಯಪುಸ್ತಕಗಳಲ್ಲಿ ಆವರೆಗೆ ಸ್ನಾನದ ತೊಟ್ಟಿಯಂಥ ಒಂದು ರೇಖೆ ಇರುತ್ತಿತ್ತು: ಹೊಸತರಲ್ಲಿ ಕೆಡುವುದು ಹೆಚ್ಚು, ನಡುವೆ ಸಮತಟ್ಟು, ಮುಪ್ಪಿನಲ್ಲಿ ಮತ್ತೆ ಏರು. ನೌಲನ್ ಮತ್ತು ಹೀಪ್ ತಮ್ಮ ವಿಮಾನಗಳ ಭಾಗಗಳ ಚರಿತ್ರೆಯನ್ನು ಬಿಡಿಸಿದಾಗ ತೊಟ್ಟಿಯ ಆಕಾರಕ್ಕೆ ಹೊಂದಿದವು ನೂರಕ್ಕೆ 4 ಮಾತ್ರ. ವಯಸ್ಸಾದಂತೆ ಕೆಡುವ ಸಂಭವ ಹೆಚ್ಚುವ ಭಾಗಗಳು ಎಲ್ಲ ಸೇರಿ ನೂರಕ್ಕೆ 11. ಉಳಿದ 89ಕ್ಕೆ ಮುಪ್ಪೆಂಬುದೇ ಕಾಣಲಿಲ್ಲ. ಅವುಗಳಲ್ಲಿ 68ರ ಗೆರೆ ನೋಡಿದರೆ ಕೋಸ್ಟಲ್ ಕಮಾಂಡಿನ ಹ್ಯಾಂಗರು ನೆನಪಾಗುತ್ತದೆ: ಹೊಸದಾಗಿ ಜೋಡಿಸಿದಾಗ ಅತಿ ಹೆಚ್ಚು ತೊಂದರೆ, ಆಮೇಲೆ ತಣ್ಣಗೆ, ಸಮವಾಗಿ ಉದ್ದಕ್ಕೂ. ಅಂಥ ಭಾಗವನ್ನು ಅವಧಿಗೊಮ್ಮೆ ಓವರ್‌ಹಾಲ್ ಮಾಡುವುದೆಂದರೆ ದೊಡ್ಡವನಾದವನನ್ನು ಮತ್ತೆ ಮತ್ತೆ ತೊಟ್ಟಿಲಿಗೆ ಹಾಕಿದಂತೆ. ಹಳೆಯ ಪದ್ಧತಿಯ ಡಿಸಿ-8 ವಿಮಾನದಲ್ಲಿ ಅವಧಿಗೊಮ್ಮೆ ಓವರ್‌ಹಾಲ್ ಆಗಬೇಕಾದ ಬಾಬ್ತುಗಳು 339 ಇದ್ದವು. ಹೊಸ ಪದ್ಧತಿಯ ಡಿಸಿ-10ರಲ್ಲಿ ಉಳಿದವು ಏಳು.

ಆ ನೂರಕ್ಕೆ 11 ಸಣ್ಣ ಪಾಲು ಎಂದು ಮರೆಯುವಂತಿಲ್ಲ. ವಿಮಾನದ ಮೈಯ ಲೋಹಕ್ಕೆ ನಿಜವಾಗಿಯೂ ವಯಸ್ಸಾಗುತ್ತದೆ. 1988ರಲ್ಲಿ ಹವಾಯಿಯ ಮೇಲೆ, ಸುಮಾರು ತೊಂಬತ್ತು ಸಾವಿರ ಬಾರಿ ಏರಿಳಿದಿದ್ದ ಬೋಯಿಂಗ್ 737 ಒಂದರ ಮುಂಭಾಗದ ಚಾವಣಿ ಆಕಾಶದಲ್ಲೇ ಕಿತ್ತುಹೋಗಿ ಗಗನಸಖಿಯೊಬ್ಬರು ತೀರಿಕೊಂಡರು. ಅಲ್ಲಿ ಬೇಕಾಗಿದ್ದುದು ಇನ್ನೂ ಹೆಚ್ಚಿನ ತಪಾಸಣೆ.

ಆದರೆ ವಾಡಿಂಗ್ಟನ್ ಎಳೆದ ಗೆರೆಯನ್ನು ಒಂದೇ ಹಾರಾಟದಲ್ಲಿ ಕಣ್ಣಾರೆ ತೋರಿಸಿದ್ದು 1983ರ ಮೇ 5ರ ಬೆಳಗ್ಗೆ ಮಯಾಮಿಯಿಂದ ನಸ್ಸೌಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ವಿಮಾನ. ಮೂರು ಎಂಜಿನ್‌ಗಳ ಟ್ರೈಸ್ಟಾರ್, ಒಳಗೆ 172 ಜನ. ಇಂಥ ಎಂಜಿನ್‌ನ ಎಣ್ಣೆಯ ದಾರಿಯಲ್ಲಿ ಅಯಸ್ಕಾಂತದ ಒಂದು ಸಣ್ಣ ಬಿರಡೆ ಇರುತ್ತದೆ. ಒಳಗೆ ಲೋಹ ಸವೆಯುತ್ತಿದ್ದರೆ ಪುಡಿ ಅದಕ್ಕೆ ಅಂಟುತ್ತದೆ. ಎಂಜಿನ್ ಬಿಚ್ಚದೆಯೇ ಆರೋಗ್ಯ ತಿಳಿಯುವ ಜಾಣ ಉಪಾಯ, ಹೊಸ ಪದ್ಧತಿಗೆ ಒಪ್ಪುವಂಥದ್ದೇ. ಆದರೆ ನೋಡಲು ಆ ಬಿರಡೆಯನ್ನಾದರೂ ತೆಗೆದು ಬೇರೊಂದನ್ನು ಹಾಕಬೇಕಲ್ಲ. ಮೆಕ್ಯಾನಿಕ್‌ಗಳಿಗೆ ಬಿರಡೆಗಳು ಮೇಸ್ತ್ರಿಯ ಕೋಣೆಯಲ್ಲಿ ಎಣ್ಣೆ ತಡೆಯುವ ರಬ್ಬರ್ ಉಂಗುರದ ಸಮೇತ ಸಿಗುತ್ತಿದ್ದವು. ಆ ರಾತ್ರಿ ಅಲ್ಲಿ ಇರಲಿಲ್ಲ. ಉಗ್ರಾಣದಿಂದ ತಂದವಕ್ಕೆ ಉಂಗುರ ಹಾಕಿರಲಿಲ್ಲ. ಮೂರೂ ಎಂಜಿನ್‌ಗೆ ಹಾಗೆಯೇ ತಿರುಗಿಸಿದರು.

ಸಮುದ್ರದ ಮೇಲೆ ಮೊದಲು ನಡುವಿನ ಎಂಜಿನ್‌ನ ಎಣ್ಣೆಯ ಒತ್ತಡ ಇಳಿಯಿತು. ಅದನ್ನು ನಿಲ್ಲಿಸಿ ಮಯಾಮಿಯತ್ತ ತಿರುಗಿದರು. ಆಮೇಲೆ ಉಳಿದೆರಡರ ಮುಳ್ಳೂ ಇಳಿದವು. ಮೂರೂ ಒಟ್ಟಿಗೆ ಹೇಗೆ ಸೋರಲು ಸಾಧ್ಯ, ಮೀಟರುಗಳೇ ಕೆಟ್ಟಿರಬೇಕು ಎಂದು ಪೈಲಟ್‌ಗಳು ಅಂದುಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಅಷ್ಟರಲ್ಲಿ ಆ ಎರಡೂ ಆರಿಹೋದವು. ಪ್ರಯಾಣಿಕರು ಲೈಫ್ ಜಾಕೆಟ್ ತೊಟ್ಟು ನೀರಿಗೆ ಬೀಳಲು ಸಿದ್ಧರಾದರು. ಸಮುದ್ರ ಸುಮಾರು ನಾಲ್ಕು ಸಾವಿರ ಅಡಿ ಕೆಳಗಿದ್ದಾಗ, ಮೊದಲು ನಿಲ್ಲಿಸಿದ್ದ ಎಂಜಿನ್ ಮತ್ತೆ ಹೊತ್ತಿಕೊಂಡಿತು. ಅದೊಂದರಲ್ಲೇ ವಿಮಾನ ಮಯಾಮಿಗೆ ಬಂದಿಳಿಯಿತು. ಒಬ್ಬರಿಗೂ ಗಾಯವಾಗಲಿಲ್ಲ.

ಮೂರು ಎಂಜಿನ್ ಇಡುವುದೇ ಒಂದು ಹೋದರೆ ಇನ್ನೊಂದು ಇರಲಿ ಎಂದು. ಒಂದೇ ರಾತ್ರಿ, ಒಂದೇ ಅಭ್ಯಾಸದ ಕೈಗಳು ಮೂರನ್ನೂ ಮುಟ್ಟಿದಾಗ ಆ ಮೂರು ಒಂದಾಗಿಬಿಟ್ಟವು. ಎರಡೇ ಎಂಜಿನ್‌ಗಳ ವಿಮಾನಗಳು ಇಂದು ದೂರದ ಸಾಗರಗಳನ್ನು ದಾಟುತ್ತವೆ. ಅವುಗಳ ನಿರ್ವಹಣೆಯ ನಿಯಮದಲ್ಲಿ ಒಂದು ಮಾತಿದೆ: ಒಂದೇ ಸಲದ ಕೆಲಸದಲ್ಲಿ ಎರಡೂ ಎಂಜಿನ್‌ಗಳ ಅದೇ ಭಾಗಕ್ಕೆ ಒಬ್ಬನೇ ಮೆಕ್ಯಾನಿಕ್ ಕೈ ಹಾಕುವಂತಿಲ್ಲ. ಹಾಕಲೇಬೇಕಾಗಿ ಬಂದರೆ, ಅದು ಇನ್ನೊಬ್ಬ ಅರ್ಹ ವ್ಯಕ್ತಿಯ ನೇರ ಮೇಲ್ವಿಚಾರಣೆಯಲ್ಲೇ ಆಗಬೇಕು.