ಶಿಶುಪಾಲನಾ ಸಹಾಯಧನ: ಪಾವತಿ ದೋಷ ಮತ್ತು ತಂತ್ರಜ್ಞಾನ (ಅಮೆರಿಕ)

ಕಡಿಮೆ ಆದಾಯದ ದುಡಿಯುವ ಪೋಷಕರ ಡೇಕೇರ್ ಖರ್ಚಿಗೆ ನೆರವಾಗುವ ಅಮೆರಿಕದ ಮುಖ್ಯ ಯೋಜನೆ 1990ರ ಕಾಯ್ದೆಯಿಂದ ಹುಟ್ಟಿತು. 1996ರಲ್ಲಿ ಬೇರೆ ಬೇರೆ ಅನುದಾನಗಳು ಒಂದೇ ನಿಧಿಗೆ ಸೇರಿದವು. ಆದಾಯ ಮಿತಿ, ಪೋಷಕರು ಕೊಡಬೇಕಾದ ಪಾಲು, ಗೈರುಹಾಜರಿಯ ಲೆಕ್ಕ ಇವೆಲ್ಲ ಬಹುಪಾಲು ರಾಜ್ಯಗಳ ಕೈಯಲ್ಲೇ ಉಳಿದವು.

ಹಿಂದೆ ಡೇಕೇರ್ ನಡೆಸುವವರು ಕಾಗದದ ಹಾಜರಿ ಪಟ್ಟಿ ಕಳಿಸಿ ಹಣ ಪಡೆಯುತ್ತಿದ್ದರು. ಬಾರದ ಮಗುವಿಗೂ ಬಿಲ್ಲು ಆಗುತ್ತಿದೆಯೆಂಬ ಅನುಮಾನದಿಂದ ಯಂತ್ರಗಳು ಬಂದವು. ಮೊದಲ ಸಾಲಿನಲ್ಲಿದ್ದದ್ದು ಒಕ್ಲಹೋಮ: ಮಗುವನ್ನು ಬಿಡುವಾಗ ಒಮ್ಮೆ, ಕರೆದೊಯ್ಯುವಾಗ ಒಮ್ಮೆ ಪೋಷಕರು ಕಾರ್ಡ್ ಸ್ವೈಪ್ ಮಾಡಿ ಗುಪ್ತಸಂಖ್ಯೆ ಒತ್ತಬೇಕಿತ್ತು, ಆ ದಾಖಲೆಯ ಮೇಲೆಯೇ ಪಾವತಿಯಾಗುತ್ತಿತ್ತು. ಕಾರ್ಡನ್ನು ಡೇಕೇರಿನವರ ಕೈಗೇ ಕೊಟ್ಟುಹೋದರೆ ಈ ಕಾವಲಿಗೆ ಅರ್ಥವಿರಲಿಲ್ಲ. ಲೂಯಿಸಿಯಾನ 2010ರಲ್ಲಿ ಬೆರಳಚ್ಚಿಗೆ ಹೊರಳಿತು. ಮಗುವನ್ನು ಅಜ್ಜಿ ಕರೆದೊಯ್ಯುವುದಾದರೆ ಅವರ ಬೆರಳಚ್ಚೂ ಮೊದಲೇ ದಾಖಲಾಗಿರಬೇಕಿತ್ತು. ಮಿಸಿಸಿಪ್ಪಿಯಲ್ಲಿ ಇಂಥದೇ ಯೋಜನೆಯನ್ನು ಡೇಕೇರ್ ನಡೆಸುವವರು ಬಲವಾಗಿ ವಿರೋಧಿಸಿದರು. ಬಡ ಪೋಷಕರಿಂದ ಮಾತ್ರ ಬಾಗಿಲಲ್ಲಿ ಬೆರಳು ಒತ್ತಿಸುವುದು ಅವಮಾನ ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ.

ಆದರೆ ಲೆಕ್ಕ ತಪ್ಪುತ್ತಿದ್ದದ್ದು ಬಾಗಿಲಲ್ಲಿ ಮಾತ್ರವಲ್ಲ, ಅರ್ಜಿ ನೋಡುವ ಮೇಜಿನ ಮೇಲೂ. ಸರ್ಕಾರಿ ಯೋಜನೆಗಳ ತಪ್ಪು ಪಾವತಿಗಳನ್ನು ಅಳೆಯಬೇಕೆಂದು 2002ರ ಕಾಯ್ದೆ ವಿಧಿಸಿತು. ಅದರಂತೆ 2007ರ ನಿಯಮ ಪ್ರತಿ ರಾಜ್ಯವೂ ಮೂರು ವರ್ಷಕ್ಕೊಮ್ಮೆ ಆಯ್ದ 276 ಕಡತಗಳನ್ನು ಮರುಪರಿಶೀಲಿಸುವ ಕ್ರಮ ತಂದಿತು. ಅಲ್ಲಿ ಕಾಣಸಿಕ್ಕದ್ದು ಬಹಳಷ್ಟು ಸಾದಾ ಸಂಗತಿಗಳು: ಕಡತದಲ್ಲಿಲ್ಲದ ಸಂಬಳ ಚೀಟಿ, ವಾರದ ಕೂಲಿಯನ್ನು ತಿಂಗಳ ಆದಾಯಕ್ಕೆ ಪರಿವರ್ತಿಸುವಾಗ ನೌಕರರು ಮಾಡಿದ ಎಡವಟ್ಟು, ತಪ್ಪಾಗಿ ಮಂಜೂರಾದ ಗಂಟೆಗಳು. ತಪ್ಪು ಪಾವತಿಯೆಂದರೆ ವಂಚನೆಯೇ ಎಂದು ಬರೆಯುವವರು ಇದನ್ನು ಮರೆಯುತ್ತಾರೆ. ಕುಟುಂಬಕ್ಕೆ ಕಡಿಮೆ ಕೊಟ್ಟರೂ ಅದು ತಪ್ಪು ಪಾವತಿಯೇ. ಇಂಥ ದೋಷಕ್ಕೆ ನಿಜವಾದ ಮದ್ದು ಬೆರಳಚ್ಚಲ್ಲ: ಆದಾಯವನ್ನು ತಾನೇ ಲೆಕ್ಕಹಾಕುವ ತಂತ್ರಾಂಶ, ಉದ್ಯೋಗದಾತರ ವೇತನ ದಾಖಲೆಗಳೊಂದಿಗೆ ತಾಳೆ, ಸ್ಕ್ಯಾನ್ ಆದ ಕಡತ.

2014ರ ಕಾಯ್ದೆ ಅರ್ಹತೆಯನ್ನು ಕನಿಷ್ಠ 12 ತಿಂಗಳಿಗೆ ನಿಗದಿಪಡಿಸಿದ್ದರಿಂದ ನಡುನಡುವೆ ಮತ್ತೆ ಲೆಕ್ಕಹಾಕುವ ಸಂದರ್ಭಗಳೇ ಕಡಿಮೆಯಾದವು. ಮಗು ತಿಂಗಳಿಗೆ 5 ದಿನದವರೆಗೆ ತಪ್ಪಿಸಿಕೊಂಡರೂ ಪೂರ್ಣ ಹಣ ಕೊಡುವ ಆಯ್ಕೆಯನ್ನು 2016ರ ನಿಯಮ ರಾಜ್ಯಗಳ ಮುಂದಿಟ್ಟಿತು. 2024ರ ನಿಯಮ ಇನ್ನೂ ಮುಂದೆ ಹೋಗಿ, ಹಾಜರಿ ಬದಲು ದಾಖಲಾತಿಯ ಆಧಾರದಲ್ಲಿ, ಅದೂ ಮುಂಗಡವಾಗಿ ಪಾವತಿಸಬೇಕೆಂದಿತು.